ಪೆಂಡಾಲಿನ ಜೈಲುಕೋಣೆ

ನನ್ನ ತಮ್ಮ ಮುನಿಕೃಷ್ಣಪ್ಪ ಕೊಲೆ ಮಾಡಿದ್ದು ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಯಮುನಾ ತಮ್ಮನಿಗೆ ವಕಾಲತ್ತು ಹಾಕ್ತಾಳೆ ಅನ್ನಬಾರದು. ಬಾಣಸವಾಡಿಯಲ್ಲಿ ನಮ್ಮದು ಹಳೇ ಊರಿನ ಮನೆ. ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ ಪಕ್ಕದವನ ಜೊತೆ ಗಡಿಕಲ್ಲಿಗೆ ಜಗಳವಾಯಿತು, ಇವನು ಹಾರೆ ಎತ್ತಿದ, ಆ ಮನುಷ್ಯ ಸತ್ತ. ಜೀವಾವಧಿ ಆಯಿತು. ಆಗಬೇಕಾದ್ದೇ ಅಂತ ನಾನು ಕೋರ್ಟಿನ ಬಾಗಿಲಲ್ಲೇ ಹೇಳಿದೆ. ಸತ್ತವನ ಹೆಂಡತಿ ಇವತ್ತಿಗೂ ನಮ್ಮ ಬೀದಿಯಲ್ಲಿ ಓಡಾಡುತ್ತಾಳೆ. ಅವಳು ಎದುರಾದರೆ ನಾನು ತಲೆ ಎತ್ತುವುದಿಲ್ಲ.

ಆದರೆ ಅವನು ಜೈಲು ಸೇರಿದ ಮಾರನೇ ವರ್ಷ ಅಲ್ಲಿ ಊಟದ ವಿಷಯಕ್ಕೆ ಗಲಾಟೆ ಎದ್ದು ಒಬ್ಬ ವಾರ್ಡರಿನ ತಲೆ ಒಡೆಯಿತು. ಒಡೆದವರು ಯಾರೋ ಏನೋ. ಹಿಂದೆ ಮುಂದೆ ಜನ ಇದ್ದವರೆಲ್ಲ ನುಣುಚಿಕೊಂಡರು, ಕೊನೆಗೆ ಇವನ ತಲೆಗೆ ಕಟ್ಟಿದರು. ಆವತ್ತಿನಿಂದ ಒಂಟಿ ಕೋಣೆ. ಕಾಗದದ ಮೇಲೆ ಅದಕ್ಕೆ ಹಾಗಂತ ಹೆಸರಿಲ್ಲ, 'ಭದ್ರತೆಯ ದೃಷ್ಟಿಯಿಂದ ಪ್ರತ್ಯೇಕ' ಅಂತ ಬರೆಯುತ್ತಾರೆ. ಮಲಗಿದರೆ ತಲೆ ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ. ಕಕ್ಕಸು ತಲೆಯ ಹತ್ತಿರವೇ. ಕಿಟಕಿ ಇಲ್ಲ. ತಟ್ಟೆ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಅದೇ ಸಂದಿಯಿಂದ ಹೊರಗೆ ಹೋಗುತ್ತದೆ. ಮಾತಿಗೆ ಒಂದು ನರಪಿಳ್ಳೆ ಇಲ್ಲ. ಹೀಗೆ ಐದು ವರ್ಷ ಕಳೆದಿತ್ತು.

ತಿಂಗಳಿಗೊಮ್ಮೆ ಜಾಲರಿಯ ಆಚೆ ನಿಲ್ಲಿಸಿ ಮಾತಾಡಿಸಲು ಬಿಡುತ್ತಿದ್ದರು. ಮೊದಮೊದಲು ಅವನು ಬಾಯಿ ತೆಗೆದರೆ ನಿಲ್ಲಿಸುತ್ತಲೇ ಇರಲಿಲ್ಲ. ಹಸು ಕರು ಹಾಕಿತಾ, ಹಿಂದಿನ ಮನೆ ಬಾಡಿಗೆಯವರು ಖಾಲಿ ಮಾಡಿದರಾ, ಸ್ಟೇಷನ್ ರಸ್ತೆಗೆ ಟಾರು ಹಾಕಿದರಾ ಅಂತ ಪ್ರಾಣ ತಿನ್ನುತ್ತಿದ್ದ. ಬರುಬರುತ್ತ ಮಾತು ಕಮ್ಮಿಯಾಯಿತು. ಒಂದು ಪದ ಹುಡುಕುವುದಕ್ಕೆ ಗೋಡೆ ನೋಡುವನು. ಒಂದು ಸಲ ನಮ್ಮಮ್ಮನ ಹೆಸರು ನೆನಪಾಗದೆ ಮಗುವಿನ ಹಾಗೆ ಅತ್ತುಬಿಟ್ಟ. ಸಿಕ್ಕಸಿಕ್ಕವರ ಬಾಗಿಲು ತಟ್ಟಲು ನಾನು ಹೊರಟದ್ದು ಆವತ್ತು. ನಾನು ಬಿಡುಗಡೆ ಕೇಳಲಿಲ್ಲ. ಕಳ್ಳರೋ ಕೊಲೆಗಡುಕರೋ, ನಾಲ್ಕು ಜನರ ಜೊತೆ ಮಲಗಿಸಿ, ಅವರ ಗೊರಕೆಯಾದರೂ ಕಿವಿಗೆ ಬೀಳಲಿ, ನನ್ನ ತಮ್ಮ ಮನುಷ್ಯನಾಗಿ ಉಳಿಯಲಿ ಅಂತ ಕೇಳಿದೆ. ಕೇಳಿದ್ದು ಅಷ್ಟೇ.

ಕೇಳಿಸಿಕೊಂಡವರು ಇಬ್ಬರು. ಒಬ್ಬರು ವಿಮಾನಪುರದ ಗುರುರಾಜ್, ಕಾರ್ಖಾನೆಯಿಂದ ನಿವೃತ್ತರಾದವರು. ಇನ್ನೊಬ್ಬರು ಇಂದಿರಾನಗರದ ಶಾಂತಕುಮಾರಿ, ವಿಮಾ ಕಚೇರಿಯಲ್ಲಿ ಕೆಲಸ, ಅಲ್ಲೇ ಸ್ಟಾಫ್ ಕಾಲೋನಿಯಲ್ಲಿ ಮನೆ. ಇವರದೊಂದು ಕೈದಿಗಳ ಹಕ್ಕಿನ ವೇದಿಕೆ. ಪೇಪರಿನ ಮೂಲೆಯಲ್ಲಿ ಬಂದ ನನ್ನ ತಮ್ಮನ ಸುದ್ದಿ ಓದಿ ಇಬ್ಬರೂ ಒಂದೇ ಸ್ಕೂಟರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಒಳ್ಳೆಯವರು. ಆಣೆ ಮಾಡಿ ಹೇಳುತ್ತೇನೆ, ಒಳ್ಳೆಯವರು. ಕೆಟ್ಟವರಾಗಿದ್ದರೆ ನಾನು ಅವತ್ತೇ ಬೈದು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿರುತ್ತಿದ್ದೆ.

ಅವರ ಜೊತೆ ನಾನು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತು ಸಹಿ ಕೇಳಿದೆ. ಜನ ಸಹಿ ಹಾಕುವ ಮುಂಚೆ ನನ್ನ ಮುಖ ನೋಡುವರು. ಒಬ್ಬ ಕಾಗದವನ್ನು ಪೂರ್ತಿ ಓದಿ, ಕೊಲೆ ಮಾಡಿದವನಿಗೆ ಸಪರೇಟ್ ರೂಮ್ ಕೊಟ್ಟವರೆ, ನಮ್ಮನೇಲಿ ಆರು ಜನಕ್ಕೆ ಒಂದೇ ರೂಮು, ಅವನನ್ನು ಕೇಳಿ ಬದಲಾಯಿಸಿಕೊಳ್ತಾನಾ ಅಂತ ನಕ್ಕ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಗುರುರಾಜ್ ಅವನಿಗೂ ಕೈ ಮುಗಿದು, ನೀವು ಓದಿದ್ದಕ್ಕೆ ಧನ್ಯವಾದ ಅಂದರು.

ಆದರೂ ಅವರ ಓಡಾಟಕ್ಕೆ ಫಲ ಸಿಕ್ಕಿತು, ಇದನ್ನು ಒಪ್ಪಬೇಕು. ಸರ್ಕಾರ ಮೂರು ಜನರ ಒಂದು ವಿಚಾರಣಾ ಸಮಿತಿ ಮಾಡಿತು. ಅವರು ಅರ್ಜಿ ನೋಡಿ, ಜೈಲಿಗೆ ಬಂದು ಕೋಣೆಯನ್ನು ಕಣ್ಣಾರೆ ಕಂಡು, ಆಮೇಲೆ ತೀರ್ಮಾನ ಹೇಳುವುದು ಅಂತಾಯಿತು. ನಾನು ಊರ ಮುಂದಿನ ಮುನೇಶ್ವರನಿಗೆ ಹರಕೆ ಹೊತ್ತೆ. ಆ ಕೋಣೆಯನ್ನು ಒಂದೇ ಒಂದು ಸಲ ನೋಡಿದರೆ ಸಾಕಿತ್ತು, ಎಂಥ ಕಲ್ಲುಮನಸ್ಸಿನವರೂ ಅವನನ್ನು ಅಲ್ಲಿ ಬಿಟ್ಟುಬರುತ್ತಿರಲಿಲ್ಲ.

ಅಷ್ಟಕ್ಕೆ ಸುಮ್ಮನಿರಬಾರದಾಗಿತ್ತೇ ಇವರು! ಜನಾಭಿಪ್ರಾಯ ಮೂಡಿಸಬೇಕು ಅಂತ ಹೊರಟರು. ಆಗಷ್ಟೇ ಗಣೇಶನ ಹಬ್ಬ ಮುಗಿದಿತ್ತು. ಬೀದಿಬೀದಿಯಲ್ಲಿ ಕೈಲಾಸ, ಅಮರನಾಥದ ಗುಹೆ ಅಂತ ಪೆಂಡಾಲು ಹಾಕಿದ್ದ ಸಾಮಾನೆಲ್ಲ ಶಿವಾಜಿನಗರದ ಅಸ್ಗರನ ಗೋಡೌನಿನಲ್ಲಿ ಬಿದ್ದಿತ್ತು. ಶಾಂತಕುಮಾರಿಯವರ ಕಾಲೋನಿಯ ಗಣೇಶನಿಗೆ ವರ್ಷಾವರ್ಷ ಅವನೇ ಪೆಂಡಾಲು. ಅವನ ಕೈಯಲ್ಲೇ ಕಾಲೋನಿಯ ಮೈದಾನದಲ್ಲಿ ಒಂದು ಜೈಲುಕೋಣೆ ಕಟ್ಟಿಸೋಣ, ಜನ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡು ಕೂತು ನೋಡಲಿ ಅಂತ ತೀರ್ಮಾನವಾಯಿತು. ಕೇಳಿದಾಗ ನನಗೂ ಸರಿ ಅನ್ನಿಸಿತು. ತಮ್ಮ ಹೇಳಿದ ಹಾಗೆ ಅಳತೆಯನ್ನು ನಾನೇ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ.

ಅಸ್ಗರ್ ಆ ಅಳತೆಗೇ ಕಟ್ಟಿದ. ಶಾಂತಕುಮಾರಿಯವರ ಓರಗಿತ್ತಿ ಮೊದಲು ಒಳಗೆ ಹೋದರು, ಎದೆ ಬಡಿದುಕೊಳ್ಳುತ್ತಿದೆ ಅಂತ ಹೊರಗೆ ಓಡಿಬಂದರು. ನನಗೆ ಒಳಗೊಳಗೇ ಸಮಾಧಾನ. ಹಾಗೇ ಆಗಬೇಕಾದ್ದಲ್ಲವೇ? ಆದರೆ ಇವರೆಲ್ಲ ಗಾಬರಿಯಾದರು. ನಾಳೆ ವಯಸ್ಸಾದವರು ಬರುತ್ತಾರೆ, ಮಕ್ಕಳು ಬರುತ್ತಾರೆ, ಯಾರಿಗಾದರೂ ಏನಾದರೂ ಆದರೆ ಯಾರು ಜವಾಬ್ದಾರಿ ಅಂತ ಮೀಟಿಂಗ್ ಸೇರಿದರು. ಕಾಫಿ ಕುಡಿದು ಎದ್ದಾಗ ಕೋಣೆಗೆ ಎದೆಮಟ್ಟದಲ್ಲಿ ಒಂದು ಕಿಟಕಿ ಬಂದಿತ್ತು.

ಆಮೇಲೆ ಇಬ್ಬಿಬ್ಬರು ಒಟ್ಟಿಗೆ ಹೋಗಲಿ ಅಂತ ಕೋಣೆ ಅಗಲವಾಯಿತು. ಕಕ್ಕಸಿನ ಗುಂಡಿ ಹೆಂಗಸರ ಕಣ್ಣಿಗೆ ಬೀಳುವುದು ಚೆನ್ನಾಗಿರುವುದಿಲ್ಲ ಅಂತ ಅದನ್ನು ತೆಗೆದು ಒಂದು ಹೊಸ ಬಕೆಟ್ಟು, ಮಗ್ಗು ಇಟ್ಟರು. ಹಳೇ ಕಂಬಳಿ ಹಾಕಿದರೆ ತಿಗಣೆ ಗಿಗಣೆ ಇರುತ್ತದೆ ಅಂತ ಶಾಂತಕುಮಾರಿ ಮನೆಯಿಂದ ಒಗೆದ ಜಮಖಾನ ತಂದರು. ಒಂದೊಂದಕ್ಕೂ ನಾನು ಅಡ್ಡ ಬಾಯಿ ಹಾಕಿದೆ. ಹೀಗಿಲ್ಲ ಸಾರ್ ಅಲ್ಲಿ, ಹೀಗಿಲ್ಲ ಮೇಡಂ ಅಂದೆ. ಗೊತ್ತಮ್ಮ, ಜನಕ್ಕೆ ಭಾವನೆ ಮುಟ್ಟಿದರೆ ಸಾಕು ಅಂದರು. ಹೊರಗೆ ದೊಡ್ಡ ಬೋರ್ಡು ಬರೆಸಿದರು: 'ಒಂಟಿ ಸೆರೆವಾಸದ ಕೋಣೆ, ಯಥಾವತ್ ಮಾದರಿ.'

ಇಷ್ಟಾದರೂ ಬದುಕಿಕೊಳ್ಳುತ್ತಿದ್ದೆವೇನೋ. ಆದರೆ ಕಾರ್ಯಕ್ರಮ ಅಂದಮೇಲೆ ಮುಖ್ಯ ಅತಿಥಿ ಬೇಡವೇ? ಮುಖ್ಯ ಅತಿಥಿ ಇಲ್ಲದೆ ಈ ಜನ ಒಂದು ನಲ್ಲಿಯನ್ನೂ ತಿರುಗಿಸುವುದಿಲ್ಲ. ಯಾರನ್ನು ಕರೆಯುವುದು ಅಂತ ಚರ್ಚೆಯಾಗಿ, ಕೊನೆಗೆ ಜೈಲುಗಳ ಮೇಲಿನ ದೊಡ್ಡ ಸಾಹೇಬರೊಬ್ಬರನ್ನೇ ಕರೆದರು. ನಾನು ನಂಬಲಿಲ್ಲ. ಕೂಡಿ ಹಾಕಿದವರನ್ನೇ ಕರೆದು ಹಾರ ಹಾಕ್ತೀರಾ ಅಂತ ಕೇಳಿದೆ. ಗುರುರಾಜ್ ಮೆತ್ತಗೆ ಹೇಳಿದರು:

"ನಮ್ಮದು ವ್ಯವಸ್ಥೆ ಮೇಲೆ ಹೋರಾಟ ಯಮುನಮ್ಮ, ವ್ಯಕ್ತಿ ಮೇಲಲ್ಲ. ಅವರು ಬಂದು ನೋಡಿದ್ರೆ ಮನಸ್ಸು ಕರಗುತ್ತೆ. ಮನೆಗೆ ಬಂದೋರಿಗೆ ಮರ್ಯಾದೆ ಮಾಡೋದ್ರಲ್ಲಿ ತಪ್ಪೇನಿದೆ?"

ಸಾಹೇಬರು ಬರುತ್ತಾರೆ ಅಂತ ಗೊತ್ತಾದ ಮೇಲೆ ಒಳಗೆ ಸೆಕೆ ಅಂತ ಅಸ್ಗರ್ ಮೂಲೆಗೆ ಒಂದು ಟೇಬಲ್ ಫ್ಯಾನ್ ಇಟ್ಟ. ಟ್ಯೂಬ್‌ಲೈಟ್ ಹಾಕಿದ. ಪಾಪ, ಅವನ ಕೆಲಸ ಅದು, ಯಾವ ಪೆಂಡಾಲಿನಲ್ಲಾದರೂ ಅವನು ಹಾಗೇ ಮಾಡುತ್ತಿದ್ದ. ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ಜೈಲಿನ ಬಾಗಿಲಿಗೆ ಮಾವಿನ ತೋರಣ! ಮುಂದೆ ಸಗಣಿ ಸಾರಿಸಿ ರಂಗೋಲಿ. ಕೇಳಿದರೆ ಶಾಂತಕುಮಾರಿ, ಬಿಕೋ ಅನ್ನಬಾರದಲ್ಲಮ್ಮ ಅಂದರು. ಜನ ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಒಬ್ಬಾಕೆ ಈಚೆ ಬಂದು ಪ್ರಸಾದ ಎಲ್ಲಿ ಕೊಡ್ತಾರೆ ಅಂತ ನನ್ನನ್ನೇ ಕೇಳಿದಳು. ಮೈಯೆಲ್ಲ ಉರಿದುಹೋಯಿತು.

ಪ್ರಾರ್ಥನೆ ಆಯಿತು, ಸ್ವಾಗತ ಭಾಷಣ ಆಯಿತು, ದೀಪ ಹಚ್ಚಿದ್ದಾಯಿತು. ಸಾಹೇಬರು ಟೇಪು ಕತ್ತರಿಸಿ ಒಳಗೆ ಹೋಗಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಕೈಗೆ ಯಾರೋ ಬಾದಾಮಿ ಹಾಲು ಕೊಟ್ಟರು. ಫ್ಯಾನಿನ ಗಾಳಿಗೆ ಅವರ ಕೂದಲು ಹಾರುತ್ತಿತ್ತು. ಪೇಪರಿನವರು ಫೋಟೋ ತೆಗೆದರು. ನಮ್ಮ ಕ್ವಾರ್ಟರ್ಸಿನ ಸ್ಟೋರ್ ರೂಮಿಗಿಂತ ಇದೇ ಚೆನ್ನಾಗಿದೆಯಲ್ಲ ರೀ ಅಂದರು ಸಾಹೇಬರು. ಎಲ್ಲರೂ ನಕ್ಕರು. ಗುರುರಾಜ್ ಕೂಡ ನಕ್ಕರು, ಬಂದವರ ಮುಂದೆ ಮುಖ ಗಂಟು ಹಾಕಬಾರದು ಅಂತ. ಆ ನಗುವನ್ನು ಮಾತ್ರ ನಾನು ಸಾಯುವ ತನಕ ಕ್ಷಮಿಸುವುದಿಲ್ಲ.

ವಿಚಾರಣೆಗೆ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸರ್ಕಾರದ ವಕೀಲರು ಆ ಫೋಟೋ ಬಂದ ಪೇಪರನ್ನು ಮೇಜಿನ ಮೇಲೆ ಹರಡಿದರು. ಇದು ನಿಮ್ಮ ವೇದಿಕೆಯೇ ಕಟ್ಟಿದ್ದಾ ಅಂತ ಕೇಳಿದರು. ಗುರುರಾಜ್ ಹೌದು ಅಂದರು. ಯಥಾವತ್ ಅಂತ ಬೋರ್ಡಿದೆ, ಅದು ನಿಜವೋ ಸುಳ್ಳೋ ಅಂತ ವಕೀಲರು ಮತ್ತೆ ಕೇಳಿದರು. ನಿಜ ಅಂದರೆ ಆ ಕೋಣೆ ಚೆನ್ನಾಗಿದೆ ಅಂತಾಗುತ್ತದೆ, ಸುಳ್ಳು ಅಂದರೆ ಊರಿಗೆಲ್ಲ ಸುಳ್ಳು ತೋರಿಸಿದ ಹಾಗಾಗುತ್ತದೆ. ಗುರುರಾಜ್ ಕನ್ನಡಕ ತೆಗೆದು ಒರೆಸಿಕೊಂಡು, ಸಣ್ಣಪುಟ್ಟ ಅನುಕೂಲ ಮಾಡಿಕೊಂಡಿದ್ದೆವು ಸಾರ್ ಅಂದರು. ಹುಟ್ಟಿದಾಗಿನಿಂದ ಜೋರಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ, ಅವತ್ತೂ ಆಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಸ್ವಾಮಿ, ಅಲ್ಲಿ ಕಿಟಕಿ ಇಲ್ಲ. ಫ್ಯಾನಿಲ್ಲ. ನೀವೇ ಬಂದು ನೋಡ್ತೀನಿ ಅಂದಿದ್ರಿ, ಬಂದು ನೋಡಿ."

"ಮತ್ತೆ ಇದರಲ್ಲಿ ಯಾಕಮ್ಮ ಫ್ಯಾನ್ ಇಟ್ರಿ?" ಅಂತ ಮೂವರಲ್ಲಿ ನಡುವೆ ಕೂತವರು ಕೇಳಿದರು.

"ಸಾಹೇಬ್ರಿಗೆ ಸೆಕೆ ಆಗ್ತೈತೆ ಅಂತ."

ಅಲ್ಲಿದ್ದವರೆಲ್ಲ ನಕ್ಕುಬಿಟ್ಟರು. ನಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಜಿದಾರರ ಮಾದರಿಗೂ ಜೈಲಿನವರ ವರದಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಆದ್ದರಿಂದ ಸ್ಥಳಕ್ಕೆ ಹೋಗುವ ಅಗತ್ಯವಿಲ್ಲ ಅಂತ ಸಮಿತಿಯವರು ಬರೆದರು. ಗಾಳಿ ಬೆಳಕು ಸಾಕಷ್ಟಿದೆ, ಈಗಿರುವಂತೆಯೇ ಮುಂದುವರಿಯಲಿ ಅಂತ ಬರೆದರು. ಬರೆದು ಕೈ ತೊಳೆದುಕೊಂಡರು.

ಆ ಭಾನುವಾರ ಗುರುರಾಜ್ ಮನೆಗೆ ಬಂದರು. ತುಂಬ ಇಳಿದುಹೋಗಿದ್ದರು. ಆಗಬಾರದಿತ್ತು ಯಮುನಮ್ಮ, ಮೇಲ್ಮನವಿ ಹಾಕೋಣ, ಮುಂದಿನ ವರ್ಷ ಸರಿಯಾದ ಅಳತೆಯಲ್ಲಿ ಇನ್ನೊಂದು ಮಾದರಿ ಮಾಡೋಣ ಅಂದರು. ಇನ್ನೊಂದು ಮಾದರಿ! ನಮ್ಮ ಮನೆಗೆ ಬಂದವರು ಯಾರೂ, ಸಾಲಗಾರರೂ ಸಹ, ಕಾಫಿ ಕುಡಿಯದೆ ಹೋದವರಲ್ಲ. ಅವರಿಗೆ ಒಂದು ಲೋಟ ನೀರೂ ಕೊಡಲಿಲ್ಲ ನಾನು. ಸ್ವಲ್ಪ ಹೊತ್ತು ಕೂತಿದ್ದು, ಅರ್ಥವಾಗಿ, ಎದ್ದು ಸ್ಕೂಟರ್ ತಳ್ಳಿಕೊಂಡು ಹೋದರು.

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಜನರ ಜೊತೆ ಹಾಕಿಸುತ್ತೇನೆ, ಇದೊಂದು ದೀಪಾವಳಿ ತಡೆದುಕೋ ಅಂತ ತಮ್ಮನಿಗೆ ನಾನೇ ಮಾತು ಕೊಟ್ಟಿದ್ದೆ. ಆಗಲಿಲ್ಲ ಅಂತ ನಾನೇ ಹೇಳಬೇಕಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೇಗೆ ಹೇಳಲಿ ಅಂತ ಬಾಯಲ್ಲೇ ಅಂದುಕೊಂಡು ಹೋದೆ. ಬೈತಾನೆ, ಬೈಯಲಿ. ಅಳ್ತಾನೆ, ಅಳಲಿ. ಎರಡಕ್ಕೂ ಸಿದ್ಧವಾಗಿದ್ದೆ.

ವಾರ್ಡರ್ ಅವನನ್ನು ಕರೆತಂದು ಜಾಲರಿಯ ಆಚೆ ನಿಲ್ಲಿಸಿದ. ಅವನು ನನ್ನ ಕಡೆ ನೋಡಲಿಲ್ಲ, ಪಕ್ಕದ ಗೋಡೆಗೆ ಒಂದು ಅಂಗೈ ಒತ್ತಿಕೊಂಡು ನಿಂತ. ನಾನು ಎಲ್ಲ ಹೇಳಿದೆ. ವಿಚಾರಣೆಯ ಕಥೆ ಹೇಳಿದೆ, ನನ್ನ ಕೈಲಾದಷ್ಟು ಮಾಡಿದೆ ಕಣೋ ಕಿಟ್ಟಪ್ಪ ಅಂದೆ. ಅವನು ಬೈಯಲಿಲ್ಲ, ಅಳಲೂ ಇಲ್ಲ. ಸುತ್ತ ಬೇರೆ ಕೈದಿಗಳ ಮನೆಯವರು ಗಟ್ಟಿಯಾಗಿ ಮಾತಾಡುತ್ತಿದ್ದರು. ಒಂದೊಂದು ದನಿ ಎದ್ದಾಗಲೂ ಇವನ ಭುಜ ಮುದುಡುತ್ತಿತ್ತು. ಹಣೆಯ ಮೇಲೆಲ್ಲ ಬೆವರು. ಕಿಟ್ಟಪ್ಪ, ನಾನು ಕಣೋ, ಇಲ್ಲಿ ನೋಡು ಅಂದೆ. ಅವನು ವಾರ್ಡರಿನ ಕಡೆ ತಿರುಗಿ, ತುಂಬ ವಿನಯವಾಗಿ, ಯಾವುದೋ ಪರಸ್ಥಳದವರ ವಿಷಯ ಕೇಳುವವನ ಹಾಗೆ ಕೇಳಿದ:

"ಸಾರ್, ಇವ್ರು ಮಾತಾಡಿದ್ದು ಮುಗೀತಾ? ನಾನು ಕೋಣೆಗೆ ಹೋಗ್ಲಾ?"

ವಾರ್ಡರ್ ನನ್ನ ಮುಖ ನೋಡಿದ. ಇನ್ನೂ ಟೈಮಿದೆ ಅಮ್ಮ, ನೀವು ಹೇಳಿದಂಗೆ ಅಂದ. ತಮ್ಮ ಆಗಲೇ ಒಳಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ಎಷ್ಟು ಬಾಗಿಲು ತಟ್ಟಿದ್ದೆ ನಾನು, ಅವನನ್ನು ಅಲ್ಲಿಂದ ಈಚೆ ತರಿಸಲು ಯಾರ್ಯಾರ ಕಾಲು ಹಿಡಿದಿದ್ದೆ. ನನ್ನ ಬಾಯಿಂದಲೇ ಹೇಳಿದೆ, ಕಳಿಸಿಬಿಡಿ ಸಾರ್, ಒಳಗೆ ಹೋಗಲಿ ಅಂತ.