ಕಾಶಿನಾಥನ ಆರ್ಗನ್

ಚರ್ಚಿಗೆ ಹೋಗಲೆಂದು ನೀಲಾಬಾಯಿ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದಳು. ಮಗ ತೀರಿಕೊಂಡ ಮೇಲೆ ಆ ಟ್ರಂಕಿನ ಮುಚ್ಚಳ ತೆರೆದದ್ದು ಅದೇ ಮೊದಲು.

"ಇದ ಉಟ್ಕೊಂಡ್ರ ನಡೀತದಲ್ಲ? ಕಿರಿಸ್ತಾನರ ಗುಡಿಯಾಗ ಏನರೆ ಅಂತಾರೇನು?"

"ಯಾರೂ ಏನೂ ಅನ್ನಂಗಿಲ್ರಿ ಅತ್ತಿ," ಎಂದಳು ಅನುರಾಧಾ.

"ಅಂದ್ರ ಅನ್ಲಿ. ನನ್ ಮಗಂದು ಅಷ್ಟ್ ಮಂದಿ ಕೇಳೂ ಹೊತ್ತಿನಾಗ ನಾ ಹರಕ್ ಸೀರಿ ಉಟ್ಕೊಂಡು ಹೋಗ್ಲ್ಯಾ?"

ಅತ್ತೆ ಸೊಸೆ ಜೋಗೇಶ್ವರಿಯಲ್ಲಿ ಲೋಕಲ್ ರೈಲು ಹತ್ತಿದರು. ನೀಲಾಬಾಯಿ ದಾರಿಯುದ್ದಕ್ಕೂ ಮಾತಾಡಿದಳು. ಅನುರಾಧಾ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ಗಂಡ ಹೋದಾಗಿನಿಂದ ಅವಳು ಪವಾಯಿಯ ಆಫೀಸಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಇವತ್ತಿನ ಭಾನುವಾರವೊಂದನ್ನು ಬಿಟ್ಟರೆ ಮುಂದಿನ ಯಾವ ದಿನವೂ ಅವಳಿಗೆ ಬೇಕಾಗಿರಲಿಲ್ಲ.

ಕಾಶಿನಾಥ ಸೌಂಡ್ ಎಂಜಿನಿಯರ್ ಆಗಿದ್ದ. ಸಯನ್ನಿನಲ್ಲಿ ಗೆಳೆಯ ಧನರಾಜನ ಸ್ಟುಡಿಯೋ. ಅಲ್ಲಿ ಹಗಲೆಲ್ಲ ಸಾಬೂನಿನ, ಅಗರಬತ್ತಿಯ ಜಾಹೀರಾತುಗಳಿಗೆ ದನಿ ಕೂಡಿಸುವ ಕೆಲಸ. ಮನೆಗೆ ಬಂದರೆ ಬೇರೆಯದೇ ಲೋಕ. ಯಾವ್ಯಾವುದೋ ದೇಶದ ಕೆಥೆಡ್ರಲ್ ಎಂಬ ಭಾರೀ ಚರ್ಚುಗಳ ಆರ್ಗನ್ ಸಂಗೀತ, ಕ್ವಾಯರಿನ ಪ್ರಾರ್ಥನೆ, ಎಲ್ಲದರ ರೆಕಾರ್ಡಿಂಗುಗಳನ್ನು ಹುಡುಕಿ ತಂದು ಕೇಳುತ್ತಿದ್ದ. ಕೊರಳಲ್ಲಿ ಲಿಂಗದ ಕರಡಿಗೆ, ಕಿವಿಯಲ್ಲಿ ಲ್ಯಾಟಿನ್ ಸ್ತೋತ್ರ. "ಮುಂಜಾನೆದ್ದು ಯಾರೋ ಸತ್ತಂಗ ಅಳೂದು ಹಚ್ತಿಯಲ್ಲೋ, ಹಾಲ್ ಒಡೀತಾವ ನೋಡು," ಎಂದು ನೀಲಾಬಾಯಿ ಅಡುಗೆಮನೆಯಿಂದ ಕೂಗುತ್ತಿದ್ದಳು. ಅವನು ಹೆಡ್‌ಫೋನನ್ನು ಹೆಂಡತಿಯ ಕಿವಿಗಿಟ್ಟು, "ಕಣ್ ಮುಚ್ಚು. ಈಗ ಹಾಡು ನಿಲ್ತದ. ನಿಂತ ಮ್ಯಾಲ ಕೇಳು," ಎನ್ನುತ್ತಿದ್ದ. ಹಾಡು ನಿಂತ ಮೇಲೂ ದನಿ ಕಲ್ಲಿನ ಗೋಡೆಗಳನ್ನು ಹತ್ತಿ, ಎಲ್ಲೋ ಮೇಲೆ ಸುಳಿದಾಡಿ, ನಿಧಾನವಾಗಿ ಆರುತ್ತಿತ್ತು. ಆ ಆರುವ ದನಿಯ ಉದ್ದ ಕೇಳಿಯೇ ಕಟ್ಟಡ ಎಷ್ಟು ಎತ್ತರದ್ದೆಂದು ಹೇಳಬಹುದು ಎಂದು ಅವನು ಅವಳಿಗೆ ಕಲಿಸಿದ್ದ.

ಹಾರ್ಬರ್ ಲೈನಿನ ಕಡೆಯ ಒಂದು ಹಳೆಯ ಚರ್ಚಿನಲ್ಲಿ ನಿಜವಾದ ಆರ್ಗನ್ ಇತ್ತು. ಗೋಡೆಯೆತ್ತರ ಸಾಲಾಗಿ ನಿಂತ ಕೊಳವೆಗಳು. ಗಾಳಿ ನುಗ್ಗಿದರೆ ಒಂದೊಂದು ಕೊಳವೆಗೂ ಒಂದೊಂದು ಸ್ವರ. ಗೆದ್ದಲು ಹಿಡಿದಿತ್ತು, ರಿಪೇರಿ ಬಲ್ಲವರಿರಲಿಲ್ಲ, ಬಿಚ್ಚಿ ತೆಗೆಯಬೇಕೆಂದು ತೀರ್ಮಾನವಾಗಿತ್ತು. ಕಾಶಿನಾಥ ಫಾದರ್ ಬಳಿ ಹೋಗಿ, ಬಿಚ್ಚುವ ಮೊದಲು ಅದರ ದನಿ ನನಗೆ ಕೊಡಿ ಎಂದು ಕೇಳಿಕೊಂಡ. ಒಂದೊಂದೇ ಕೀ ಒತ್ತಿ ಪ್ರತಿ ಕೊಳವೆಯ ಸ್ವರವನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡುವುದು, ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವುದು. ಆಮೇಲೆ ಹಾಡು ನುಡಿಸುವ ಒಂದು ಸಾಧಾರಣ ಕೀಬೋರ್ಡ್ ಜೋಡಿಸಿದರೂ ಅದೇ ಆರ್ಗನ್ ನುಡಿಯುತ್ತದೆ, ಕ್ವಾಯರು ಅದರ ಜೊತೆಗೇ ಹಾಡಬಹುದು.

ಈ ಕೆಲಸಕ್ಕೆ ಇಬ್ಬರು ಬೇಕು. ಅವನು ಕೆಳಗೆ ಮೈಕುಗಳ ನಡುವೆ, ಅವಳು ಮೇಲೆ ಕೀಗಳ ಮುಂದೆ. ಭಾನುವಾರ ಪೂಜೆ ಮುಗಿದು ಜನ ಚದುರಿದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಅವನು ಕೈ ಎತ್ತಿದರೆ ಒತ್ತಬೇಕು, ಇಳಿಸಿದರೆ ಬಿಡಬೇಕು, ಬಿಟ್ಟ ಮೇಲೆ ದನಿ ಪೂರ್ತಿ ಆರುವವರೆಗೆ ಮಿಸುಕಬಾರದು. ಅಷ್ಟರಲ್ಲಿ ಕಾಗೆ ಕೂಗಿದರೆ, ಬಸ್ಸು ಹಾರ್ನ್ ಹೊಡೆದರೆ, ಮತ್ತೆ ಮೊದಲಿನಿಂದ. ಎಡದಿಂದ ಮೂರನೆಯ ಕೀಗೊಂದು ಖೋಡಿ ಇತ್ತು. ಒತ್ತಿದೊಡನೆ ಸ್ವರ ಬರುತ್ತಿರಲಿಲ್ಲ. ಮುದುಕ ಗಂಟಲು ಸರಿಮಾಡಿಕೊಂಡಂತೆ ಒಂದು ಕೆಮ್ಮು, ಆಮೇಲೆ ಸ್ವರ.

"ಇದನ್ನ ಕಂಪ್ಯೂಟರಿನಾಗ ಸರಿ ಮಾಡ್ತಿಯೇನು?" ಎಂದು ಅವಳು ಮೇಲಿನಿಂದ ಕೇಳಿದ್ದಳು.

"ಹುಚ್ಚಿ, ಸರಿ ಮಾಡಿದ್ರ ಇದು ಈ ಆರ್ಗನ್ ಹೆಂಗಾಗ್ತದ? ಕೆಮ್ಮೂದೂ ಇರ್ಲಿ."

ಕಾಲಿನಿಂದ ಒತ್ತುವ ಪೆಡಲುಗಳ ದೊಡ್ಡ ಕೊಳವೆಗಳಷ್ಟೇ ರೆಕಾರ್ಡ್ ಮಾಡಲು ಉಳಿದಿದ್ದವು. ಮಳೆಗಾಲದಲ್ಲಿ ಅವನಿಗೆ ಡೆಂಗ್ಯೂ ಬಂತು. ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು. ಆ ದುಃಖದ ಮಂಪರಿನಿಂದ ಅವಳಿಗೆ ಎಚ್ಚರವಾಗುವಷ್ಟರಲ್ಲಿ ಆರ್ಗನ್ ಬಿಚ್ಚಿದ್ದರು, ಮರದ ತುಂಡುಗಳು ಟೆಂಪೋದಲ್ಲಿ ಹೋಗಿಯಾಗಿತ್ತು. ರೆಕಾರ್ಡಿಂಗಿನ ಡಿಸ್ಕನ್ನು ಧನರಾಜ ಒಯ್ದಿದ್ದ. "ಉಳಿದದ್ದು ನಾನು ಹೇಗಾದ್ರೂ ಮಾಡ್ತೇನೆ ಅತ್ತಿಗೆ. ಕ್ರಿಸ್ಮಸಿನ ಮೊದಲು ಅದು ಚರ್ಚಿನಲ್ಲಿ ಕೇಳ್ತದೆ," ಎಂದಿದ್ದ. ಫೋಟೋ ನೋಡಿದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಅಂಗಿಗಳಲ್ಲಿ ವಾಸನೆ ಉಳಿದಿರಲಿಲ್ಲ. ಅವನು ಕೈ ಎತ್ತಿದ್ದಕ್ಕೆ ತಾನು ಒತ್ತಿದ ಆ ಸ್ವರಗಳು ಒಮ್ಮೆ ಆ ಚರ್ಚಿನೊಳಗೆ ಕೇಳಿಬಿಟ್ಟರೆ ಸಾಕೆಂದು ಕಾದಿದ್ದಳು.

ಚರ್ಚು ತುಂಬಿತ್ತು. ಫಾದರ್ ಇಂಗ್ಲಿಷಿನಲ್ಲಿ ಕಾಶಿನಾಥನ ಹೆಸರು ಹೇಳಿದರು. ಮಿಕ್ಕದ್ದು ತಿಳಿಯದಿದ್ದರೂ ಆ ಹೆಸರು ಕಿವಿಗೆ ಬಿದ್ದು ನೀಲಾಬಾಯಿ ಸೊಸೆಯ ಮಣಿಕಟ್ಟು ಹಿಡಿದಳು. ಕೀಬೋರ್ಡಿನ ಮುಂದಿದ್ದ ಹುಡುಗಿ ಕೈಯಿಟ್ಟಳು. ದನಿ ಎದ್ದಿತು. ಬೆಂಚಿನ ಹಲಗೆ ಅದುರಿತು. ಕ್ವಾಯರು ಎದ್ದು ನಿಂತು ಹಾಡತೊಡಗಿತು.

ಅನುರಾಧಾ ಮೂರನೆಯ ಕೀಗೆ ಕಾದಳು. ಅದು ಬಂತು, ನೇರವಾಗಿ, ಒರೆಸಿಟ್ಟ ಗಾಜಿನಂತೆ. ಮತ್ತೆ ಬಂತು, ಹಾಗೆಯೇ. ಧನರಾಜ ಕೆಮ್ಮನ್ನು ಕತ್ತರಿಸಿರಬೇಕು, ಅಷ್ಟೇ ಇರಬೇಕು ಎಂದುಕೊಂಡಳು. ಚರಣ ಮುಗಿದು ಎಲ್ಲರೂ ನಿಲ್ಲಿಸಿದಾಗ ದನಿ ಮೇಲೇರಿತು. ಏರುತ್ತಲೇ ಹೋಯಿತು. ಈ ಚರ್ಚಿನ ಮಾಡು ಅಷ್ಟು ಎತ್ತರವಿರಲಿಲ್ಲ. ಅವಳು ಕಾಣದ, ಕಾಶಿನಾಥನೂ ಕಾಣದ ಯಾವುದೋ ಭಾರೀ ಕಟ್ಟಡದ ಕಲ್ಲುಗಳ ನಡುವೆ ಅದು ತಿರುಗಾಡಿ ಆರಿತು.

ಅವಳು ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಬಂದಳು. ಧನರಾಜ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ.

"ಇದು ಅವ್ರದ್ದಲ್ಲ."

"ಎಂತ ಅತ್ತಿಗೆ ನೀವು! ಸ್ಪೀಕರ್ ಹೊಸತಲ್ವಾ, ಹಾಗೆ ಕೇಳುದು."

"ಧನರಾಜ್."

ಅವನು ಮೊಬೈಲನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ. "ಪೆಡಲಿಂದು ಒಂದೂ ಇರ್ಲಿಲ್ಲ. ಕಾಲೇ ಇಲ್ಲದವನನ್ನು ನಿಲ್ಲಿಸುದು ಹೇಗೆ, ನೀವೇ ಹೇಳಿ. ಬೇರೆಯದ್ದು ತಂದು ಸೇರಿಸಿ ನೋಡಿದೆ, ಸೇರುದೇ ಇಲ್ಲ. ಸುಮಾರು ಸಮಯ ಕೂತೆ ಅದಕ್ಕೆ. ಕಡೆಗೆ ಯುರೋಪಿನ ಒಂದು ಕೆಥೆಡ್ರಲಿನ ಆರ್ಗನ್ ಸ್ವರಗಳ ರೆಡಿಮೇಡ್ ಸೆಟ್ ತಂದೆ. ಫಾದರಿಗೆ ಎರಡನ್ನೂ ಕೇಳಿಸಿದೆ."

"ಅವ್ರೇನಂದ್ರು?"

"ಎರಡೂ ಕಾಶಿಯದ್ದೇ ಅಂತ ತಿಳ್ಕೊಂಡ್ರು. ಇದು ಕ್ಲೀನ್ ಉಂಟು, ಇದನ್ನೇ ಹಾಕು ಅಂದ್ರು. ನಾನು ಸುಮ್ಮನಾದೆ. ಅವನ ಹೆಸರಾದ್ರೂ ಉಳೀಲಿ ಅಂತ."

"ನಮ್ಮದು?"

"ಸ್ಟುಡಿಯೋದಲ್ಲಿ ಉಂಟು. ನಾಳೆಯೇ ತಂದುಕೊಡ್ತೇನೆ."

ತಂದುಕೊಟ್ಟರೆ ಏನು ಮಾಡುವುದು? ಅದರಲ್ಲಿ ಒಂದೂ ಹಾಡಿರಲಿಲ್ಲ. ಒಂದು ಸ್ವರ, ಅದು ಆರುವುದು, ಮೌನ. ಇನ್ನೊಂದು ಸ್ವರ, ಮೌನ. ಸಾವಿರಗಟ್ಟಲೆ ಬಿಡಿ ಸ್ವರಗಳು. ಅವನ್ನು ಕೂಡಿಸಿ ನುಡಿಸಬಹುದಾಗಿದ್ದ ಜಾಗ ಇದೊಂದೇ ಆಗಿತ್ತು, ಇಲ್ಲಿ ಈಗ ಬೇರೆ ಯಾವುದೋ ಆರ್ಗನ್ನಿನ ಸ್ವರಗಳು ಬಂದು ಕೂತಿದ್ದವು. ಸಿಟ್ಟು ಬರಬೇಕಿತ್ತು. ಅವಳು ಸ್ವಲ್ಪ ಹೊತ್ತು ಅದಕ್ಕಾಗಿ ಕಾದು ನಿಂತಳು. ಬರಲಿಲ್ಲ.

"ಅಮ್ಮನಿಗೆ ಹೇಳ್ತೀರಾ?" ಎಂದು ಧನರಾಜ ಕೇಳಿದ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು.

ನೀಲಾಬಾಯಿ ಪಕ್ಕದ ಹೆಂಗಸಿಗೆ ಪಿಸುದನಿಯಲ್ಲಿ, ತನ್ನ ಹರಕು ಹಿಂದಿಯಲ್ಲಿ, ಎಲ್ಲ ತನ್ನ ಮಗನೇ ಮಾಡಿದ್ದೆಂದು, "ಮೇರಾ ಬೇಟಾ ಕಿಯಾ, ಸಬ್ ಮೇರಾ ಬೇಟಾ," ಎನ್ನುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಆ ಮುಖದಲ್ಲಿ ಇಷ್ಟು ಬೆಳಕನ್ನು ಅನುರಾಧಾ ಮಳೆಗಾಲದಿಂದೀಚೆಗೆ ಕಂಡಿರಲಿಲ್ಲ.

"ಎಲ್ಲಿಗ್ ಹೋಗಿದ್ದಿ? ಕೂಡು, ಕೂಡು. ಯವ್ವಾ, ಎಂಥಾ ದನಿ! ನನ್ ಎದಿಯಾಗ ಬಂದು ಕುಂತಂಗಾತು. ಇಂವ ಇಂಥಾದ್ ಮಾಡಾಕತ್ತಾನಂತ ನೀನರೆ ಒಂದ್ ಮಾತು ಹೇಳಬಾರದ?" ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ ಕೇಳಿದಳು. "ಇದ್ರಾಗ ನೀ ಒತ್ತಿದ್ದು ಯಾವುದು?"

ಅನುರಾಧಾ ಅತ್ತೆಯನ್ನು ನೋಡಿದಳು. ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು. ಹೇಳಿದರೆ ಈ ಮುದುಕಿಗೂ ಅವನು ಇನ್ನೊಮ್ಮೆ ಸಾಯುತ್ತಿದ್ದ.

"ಎಲ್ಲಾ ನಾನ ಒತ್ತಿದ್ರಿ ಅತ್ತಿ."

"ಎಲ್ಲಾ?"

"ಹೂಂ."

ನೀಲಾಬಾಯಿ ಅವಳ ಕೈಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಪ್ರತಿ ಐತಾರ ಬಾರಸ್ತಾರಂತ. ಈ ಬಾಜೂಕಿನಾಕಿ ಹೇಳಿದ್ಳು. ನಾವೂ ಬರೂಣು. ನೀ ಆಫೀಸು, ದಣಿವು ಅಂತ ನೆವ ಹೇಳಬ್ಯಾಡ ಮತ್ತ. ಇರೂತನಕಾ ಬರೂಣು."

"ಬರೂಣ್ರಿ."

ಕ್ವಾಯರು ಪುಟ ತಿರುವಿ ಮತ್ತೆ ಎದ್ದು ನಿಂತಿತು. ನೀಲಾಬಾಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕಣ್ಣು ಮುಚ್ಚಿದಳು. ಅನುರಾಧಾ ಮುಂದಿನ ಬೆಂಚಿನ ಹಲಗೆ ಹಿಡಿದು ಕೂತಳು. ಇನ್ನೂ ಮೂರು ಹಾಡುಗಳಿದ್ದವು.