ಹ ಬಿಟ್ಟವರು

ಮಾತಿನ ಚಿಕಿತ್ಸೆ ಕಲಿಸುವ ಆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ಮಹಾಪ್ರಾಣ ಮೇಡಂ. ಸುಮ್ಮನೆ ಇಟ್ಟದ್ದಲ್ಲ. ಖ, ಘ, ಛ, ಧ ಒಂದೊಂದನ್ನೂ ಆಕೆ ತೊಳೆದು ಒರೆಸಿ ಮುಂದಿಡುವ ಹಾಗೆ ಹೇಳುತ್ತಿದ್ದರು. ಆಕೆ ‘ಅಭ್ಯಾಸ’ ಅಂದರೆ ಮೊದಲನೇ ಬೆಂಚಿನವರ ಪುಸ್ತಕದ ಹಾಳೆ ಅಲುಗುತ್ತಿತ್ತಂತೆ. ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಕೋಪ ಬರಲಿಲ್ಲ, ಒಳಗೊಳಗೇ ಹಿಗ್ಗಿದರು. ಯಾಕೆ ಹಿಗ್ಗಿದರು ಅನ್ನುವುದು ಮುಂದೆ ಗೊತ್ತಾಗುತ್ತೆ, ಅದೇನು ಹೆಮ್ಮೆಪಡುವ ವಿಷಯವಲ್ಲ.

ಆ ವರ್ಷ ಕಾಲೇಜಿನಲ್ಲಿ ಹೊಸದೊಂದು ನಿಯಮ ಬಂದಿತ್ತು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರದಂಥವರಿಗೆ ಹತ್ತು ಸೀಟು. ರೋಗಿಗಳು ಎಲ್ಲಾ ಕಡೆಯಿಂದ ಬರುತ್ತಾರೆ, ಅವರನ್ನು ನೋಡುವವರು ಮಾತ್ರ ಅದೇ ನಾಲ್ಕು ಬೀದಿಯವರು, ಹೀಗಾದರೆ ಹೇಗೆ ಅಂತ ಮೀಟಿಂಗಿನಲ್ಲಿ ಪಟ್ಟು ಹಿಡಿದು ಇದನ್ನು ಮಾಡಿಸಿದವರು ಬೇರೆ ಯಾರೂ ಅಲ್ಲ, ಇದೇ ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ ನೋಡಿ.

ಸಂದರ್ಶನದ ದಿನ ಮೂವರು ಕೂತಿದ್ದರು: ಪ್ರಿನ್ಸಿಪಾಲರು, ಫಿಸಿಯೋ ಮೇಷ್ಟ್ರು, ನಮ್ಮ ಮೇಡಂ. ಕೊನೆಯಲ್ಲಿ ಬಂದವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸಿನ ಮಗಳು. ಮನೆಯವರು ಜೊತೆಗಿಲ್ಲದ ರೋಗಿಗಳ ಪಕ್ಕ ದಿನಗೂಲಿಗೆ ಕೂರುವುದು ಅವಳ ಕೆಲಸ. ಹಾಗೆ ಕೂತುಕೊಂಡೇ ಓದಿ ಪಾಸು ಮಾಡಿದ್ದಳು. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ, ಈ ಸಲ ಸೀಟು ತಪ್ಪಿದರೆ ಮುಗಿಯಿತು, ಜೀವನವೆಲ್ಲಾ ಮಂಚದ ಪಕ್ಕದ ಸ್ಟೂಲೇ ಗತಿ.

ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಓದಲು ಒಂದು ಹಾಳೆ ಕೊಟ್ಟರು. ‘ಹಳೆಯ ಹಂಚಿನ ಮನೆಯ ಮೇಲೆ ಹಕ್ಕಿ ಕೂತಿತ್ತು’ ಅಂತ ಅದರಲ್ಲಿತ್ತು. ಅವಳು ‘ಅಳೆಯ ಅಂಚಿನ ಮನೆಯ ಮೇಲೆ ಅಕ್ಕಿ ಕೂತಿತ್ತು’ ಅಂತ ಓದಿದಳು. ಅಕ್ಕಿ ಕೂತಿತ್ತೋ ಚೆಲ್ಲಿತ್ತೋ ಅಂತ ಫಿಸಿಯೋ ಮೇಷ್ಟ್ರು ಕೇಳಿದರು. ಹುಡುಗಿಗೆ ಅರ್ಥವಾಯಿತು. ಗಾಬರಿಬಿದ್ದು ಮುಂದಿನ ಸಾಲನ್ನು ತಿದ್ದಿ ಓದಲು ಹೋಗಿ, ‘ಹಾಕಾಶ ನೀಲಿಯಾಗಿತ್ತು’ ಅಂದುಬಿಟ್ಟಳು. ಮೂವರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವರು ಮೇಡಂ. ಪಾಪ, ಹುಡುಗಿಯೂ ಜೊತೆಗೆ ನಕ್ಕಳು.

ಇದೇ ಓದು ಯಾಕೆ ಬೇಕು ಅಂತ ಪ್ರಿನ್ಸಿಪಾಲರು ಕೇಳಿದಾಗ ಅವಳು ನಗು ನಿಲ್ಲಿಸಿದಳು. ಪಾರ್ಶ್ವವಾಯು ಬಡಿದವರ ವಾರ್ಡಿನಲ್ಲಿ ತಾನು ನೋಡಿಕೊಳ್ಳುತ್ತಿರುವ ಗಾರೆ ಕೆಲಸದ ತಾತನ ಬಗ್ಗೆ ಹೇಳಿದಳು.

“ತಾತ ‘ಏಳ್ತೀನಿ’ ಅಂದ್ರೆ ನಿಮ್ಮೋರು ಇಡಿದು ಮಲಗಿಸಿಬಿಡ್ತಾರೆ ಮೇಡಂ. ಅವರು ಎದ್ದೇಳೋಕೆ ಓಗ್ತಿರಲ್ಲ, ಮಾತಾಡೋಕೆ ಓಗ್ತಿರ್ತಾರೆ. ಮೂರು ತಿಂಗಳಿಂದ ಆಲಿನ ಚಿತ್ರ ತೋರ್ಸಿ ತಪ್ಪು ತಪ್ಪು ಅಂತಾರೆ. ಅವರು ಸರಿಯಾಗೇ ಅಂತಿದಾರೆ. ಅವರ ಮನೇಲಿ ಅಂಗೇ ಅನ್ನೋದು.”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಅದು ಆಕೆಯ ವಾರ್ಡು, ಆಕೆಯ ರೋಗಿ. ನಿನ್ನೆ ಮೊನ್ನೆ ಬಂದವಳು ಇವಳ್ಯಾರು ಹೇಳೋಕೆ? ಉಚ್ಚಾರಣೆಗೆ ಹತ್ತಕ್ಕೆ ಒಂದು ಅಂಕ ಹಾಕಿದರು. ಷರಾದಲ್ಲಿ ‘ಉಚ್ಚಾರಣಾ ದೋಷವಿದೆ, ಚಿಕಿತ್ಸೆ ಅಗತ್ಯ’ ಅಂತ ಬರೆದರು. ಇಷ್ಟೊಂದು ಯಾಕೆ ಉರಿಯಿತು ಅಂತ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಪೆನ್ನಿನ ಕ್ಯಾಪು ಹಾಕಿದರು.

ಯಾಕೆ ಅಂದರೆ, ಮೇಡಂ ಹುಟ್ಟಿದ ಮನೆಯಲ್ಲೂ ಹಾಲು ಇರಲಿಲ್ಲ, ಆಲೇ ಇದ್ದದ್ದು. ಹೂವು ಊವು, ಹಲ್ಲು ಅಲ್ಲು. ಕಾಲೇಜಿಗೆ ಸೇರಿದ ಹೊಸದರಲ್ಲಿ ಬಾಯಿಯ ಮುಂದೆ ತೆಳು ಕಾಗದ ಹಿಡಿದು, ಅದು ಅಲುಗುವ ತನಕ ಹ ಹ ಅಂತ ಒಬ್ಬರೇ ಸಾಧನೆ ಮಾಡಿದ್ದರು. ಚಿನ್ನದ ಪದಕ ಬಂದ ದಿನ ಅವ್ವ ಸಮಾರಂಭಕ್ಕೆ ಬರುತ್ತೇನೆ ಅಂದಳು. ಬಾ, ಆದರೆ ಗಂಟಲು ಕಟ್ಟಿದೆ ಅಂತ ಸನ್ನೆ ಮಾಡು, ಬಾಯಿ ಬಿಡಬೇಡ ಅಂತ ಮಗಳು ಕುತ್ತಿಗೆಗೆ ಮಫ್ಲರು ಸುತ್ತಿ ಕರೆದುಕೊಂಡು ಹೋದಳು. ಮೇಷ್ಟ್ರುಗಳೆಲ್ಲ ಬಂದು ಮಾತಾಡಿಸಿದರು, ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಅಂದರು. ಅವ್ವ ಎಲ್ಲದಕ್ಕೂ ತಲೆಯಾಡಿಸಿದಳು. ಮನೆಗೆ ಬಂದ ಮೇಲೂ ಎರಡು ದಿನ ಅವ್ವ ಮಾತಾಡಲಿಲ್ಲ, ಕೇಳಿದರೆ ಗಂಟಲು ತೋರಿಸುತ್ತಿದ್ದಳು. ಈಗ ಅವ್ವ ಇಲ್ಲ. ಮಫ್ಲರು ಬೀರುವಿನಲ್ಲಿದೆ.

ಮಾರನೇ ಬೆಳಗ್ಗೆ, ಹುಡುಗಿ ಹೇಳಿದ್ದು ಸುಳ್ಳು ಅಂತ ತನಗೆ ತಾನೇ ತೋರಿಸಿಕೊಳ್ಳಲು ಮೇಡಂ ವಾರ್ಡಿಗೆ ಹೋದರು. ತಾತನ ಮಂಚದ ಕೊನೆಗೆ ಸಿಕ್ಕಿಸಿದ್ದ ಕಾಗದದಲ್ಲಿ ‘ಹಕಾರ ಮರಳಿಲ್ಲ, ಮಾತಾಡಿಸಿದರೆ ಹಾಸಿಗೆಯಿಂದ ಏಳಲು ಹಠ, ಸಹಕಾರವಿಲ್ಲ’ ಅಂತಿತ್ತು. ಕೆಳಗೆ ಆಕೆಯದೇ ಸಹಿ. ಹುಡುಗಿ ಸ್ಟೂಲಿನಿಂದ ಎದ್ದು ಮೂಲೆಗೆ ಸರಿದಳು. ನೋವು ಎಲ್ಲಿದೆ ಹೇಳಿ ಅಂತ ಮೇಡಂ ತಾತನನ್ನು ಕೇಳಿದರು. ತಾತ ಬಹಳ ಹೊತ್ತು ಬಾಯಿ ಆಡಿಸಿ, ಬೆವೆತು, “ಏ... ಏಳ್ತೀನಿ” ಅಂದ. ತಕ್ಷಣ ಆಕೆಯ ಇಬ್ಬರು ವಿದ್ಯಾರ್ಥಿಗಳು ಓಡಿಬಂದು ಅವನ ಹೆಗಲು ಹಿಡಿದು, ಏಳಬಾರದು ತಾತ, ಮಲಗಿ ಅಂತ ದಿಂಬಿಗೆ ಒತ್ತಿದರು. ಬಹಳ ಮೃದುವಾಗಿ ಒತ್ತಿದರು, ಹಾಗೆಯೇ ಕಲಿಸಿದ್ದರು ಮೇಡಂ. ತಾತ ಕಣ್ಣು ಮುಚ್ಚಿಕೊಂಡ, ರೆಪ್ಪೆಯ ಸಂದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮೇಡಂಗೆ. ವಿದ್ಯಾರ್ಥಿಗಳಿಗೆ ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ, ನಿಮಗೆ ಹೇಗೆ ಗೊತ್ತು ಮೇಡಂ ಅಂತ ಕೇಳುತ್ತಾರಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಪಟ್ಟಿ ಅಂಟಿಸುವವರಿದ್ದರು. ಮೂರೂವರೆಗೆ ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋದರು. ನಿಜ ಹೇಳಬೇಕೆಂದೇ ಹೋದದ್ದು. ಆದರೆ ಬಾಗಿಲಲ್ಲಿ ಗುಮಾಸ್ತ ನಿಂತಿದ್ದ, ಒಳಗೆ ಫಿಸಿಯೋ ಮೇಷ್ಟ್ರು ಕೂತಿದ್ದರು, ಆಕೆಯ ಗಂಟಲೇ ಕಟ್ಟಿಹೋಯಿತು. ಕೊನೆಗೆ ಬಾಯಿಂದ ಬಂದದ್ದು ಬೇರೆಯೇ ಮಾತು: ತಾನು ಬರೆದದ್ದು ಏಳು, ಗುಮಾಸ್ತರು ಅದನ್ನು ಒಂದು ಅಂತ ಓದಿಕೊಂಡಿದ್ದಾರೆ. ಇಂಗ್ಲಿಷ್ ಅಂಕಿಯಲ್ಲಿ ಒಂದರ ತಲೆಯ ಮೇಲೆ ಗೀಟು ಎಳೆದರೆ ಏಳು, ಅಷ್ಟೇ ತಾನೇ. ಪ್ರಿನ್ಸಿಪಾಲರು ನಂಬಿದರು. ಕಣ್ಣಿಗೆ ಕನ್ನಡಕ ಹಾಕಿಸಿಕೊಳ್ಳಯ್ಯ ಅಂತ ಆಕೆಯ ಎದುರಿಗೇ ಗುಮಾಸ್ತನನ್ನು ಗದರಿದರು. ಅವನು ತಲೆ ತಗ್ಗಿಸಿಕೊಂಡು ತಿದ್ದಿದ. ಪಟ್ಟಿಯಲ್ಲಿ ಹುಡುಗಿಯದು ಹತ್ತನೇ ಹೆಸರು, ಕೊನೆಯದು.

ಸದ್ಯ, ಎಲ್ಲಾ ಸರಿಹೋಯಿತು ಅಂದುಕೊಂಡರು ಮೇಡಂ. ಸುಳ್ಳಿನಿಂದಲೇ ಆದರೂ ಸೀಟು ಸಿಕ್ಕಿತಲ್ಲ ಅಂತ ಎರಡು ದಿನ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ತಾತನ ಮಂಚದ ಕಾಗದವನ್ನು ಮಾತ್ರ ಮುಟ್ಟಲಿಲ್ಲ.

ಸೋಮವಾರ ತರಗತಿ ಶುರುವಾಗುವ ದಿನ. ಬೆಳಗ್ಗೆ ಮೇಡಂ ತಮ್ಮ ಚಿಕಿತ್ಸಾ ಕೋಣೆಯಲ್ಲಿ ಕೂತು, ಮುಂದಿನ ರೋಗಿಯನ್ನು ಕಳಿಸಿ ಅಂದರು. ಒಳಗೆ ಬಂದವಳು ಅದೇ ಹುಡುಗಿ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡಿದ್ದಳು, ಲಾಂಡ್ರಿಯ ಅಮ್ಮ ಇಸ್ತ್ರಿ ಮಾಡಿದ್ದು, ಒಂದು ಸುಕ್ಕಿಲ್ಲ. ಕೈಯಲ್ಲಿ ರೋಗಿಗಳಿಗೆ ಕೊಡುವ ನೀಲಿ ಚೀಟಿ, ಟೋಕನ್ನು ಹದಿನಾಲ್ಕು. ತೊದಲುವ ಮಕ್ಕಳ ಜೊತೆ ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಕಾದಿದ್ದಳಂತೆ. ಅಂಕ ತಿದ್ದಿದ್ದರು, ಷರಾವನ್ನು ಯಾರೂ ತಿದ್ದಿರಲಿಲ್ಲ. ಚಿಕಿತ್ಸೆ ಅಗತ್ಯ ಅಂತಿದ್ದದ್ದನ್ನು ನೋಡಿ ಆಫೀಸಿನವರು ನಿಯಮದ ಪ್ರಕಾರ ಚೀಟಿ ಮಾಡಿಸಿದ್ದರು.

“ನಾನು ಓದೋಕೆ ಬಂದೆ ಮೇಡಂ,” ಅಂದಳು ಹುಡುಗಿ. “ನಂಗೆ ಏನು ಕಾಯಿಲೆ?”

ಮೇಡಂ ಬಾಗಿಲು ಹಾಕಿದರು. ಈ ಸಲ ಗಂಟಲು ಕಟ್ಟಿದರೂ ಬಿಡಲಿಲ್ಲ. ಒಂದು ಅಂಕ ಹಾಕಿದ್ದು, ಅದು ಏಳು ಅಂತ ಸುಳ್ಳು ಹೇಳಿದ್ದು, ಗುಮಾಸ್ತನ ತಲೆಗೆ ಕಟ್ಟಿದ್ದು, ಅವ್ವನ ಕುತ್ತಿಗೆಗೆ ಮಫ್ಲರು ಸುತ್ತಿದ್ದು, ಎಲ್ಲವನ್ನೂ ಹೇಳಿದರು. ಹೇಳುತ್ತಾ ಅತ್ತರು. ಹುಡುಗಿ ಕರಗಬಹುದು, ಬಿಡಿ ಮೇಡಂ ಅನ್ನಬಹುದು ಅಂತ ಎಲ್ಲೋ ಒಂದು ಆಸೆ ಇತ್ತು. ಅವಳು ಕರಗಲಿಲ್ಲ.

“ನಂಗೆ ಏಳಿ ಏನು ಬಂತು?” ಅಂದಳು. “ನಂಗೆ ಮೊದಲೇ ಗೊತ್ತು, ನಾನು ಸರಿಯಾಗಿದೀನಿ ಅಂತ. ತಾತಂಗೆ ಗೊತ್ತಿಲ್ಲ.”

ಮೇಡಂ ನೀಲಿ ಚೀಟಿ ಇಸಿದುಕೊಂಡು, ‘ದೋಷ ಈಕೆಯದಲ್ಲ, ಕೇಳಿದವಳ ಕಿವಿಯದು’ ಅಂತ ಬರೆದು ಸಹಿ ಹಾಕಿದರು. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟು, ತಾನು ಬರೆದದ್ದು ಒಂದೇ, ಹಾಕಬೇಕಾಗಿದ್ದದ್ದು ಏಳು, ಗುಮಾಸ್ತರ ಕಣ್ಣು ಸರಿಯಾಗಿಯೇ ಇದೆ ಅಂದರು. ಹುಡುಗಿ ತಾತನ ಬಗ್ಗೆ ಹೇಳಿದ್ದೂ ನಿಜ ಅಂದರು. ಪ್ರಿನ್ಸಿಪಾಲರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ, ಸೀಟು ಅವಳದೇ, ನಿಮ್ಮ ವಿಷಯ ಆಮೇಲೆ ನೋಡೋಣ ಅಂದರು. ಗುಮಾಸ್ತ ಮೇಡಂ ಮುಖ ನೋಡಲೇ ಇಲ್ಲ.

ವಾರ್ಡಿಗೆ ಹೋಗುವಾಗ ಹುಡುಗಿ ಎರಡು ಹೆಜ್ಜೆ ಮುಂದೆಯೇ ನಡೆದಳು. ತಾತ ಗೋಡೆ ಕಡೆ ತಿರುಗಿ ಮಲಗಿದ್ದ. ವಿದ್ಯಾರ್ಥಿಗಳು ನೋಡುತ್ತಿದ್ದ ಹಾಗೇ ಮೇಡಂ ಆ ಕಾಗದವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. “ಹೇಳಿ ತಾತ,” ಅಂದರು. ತಾತ ಅಲುಗಲಿಲ್ಲ. ಹುಡುಗಿ ಮೆಲ್ಲಗೆ, ಅಂಗಲ್ಲ ಮೇಡಂ ಅಂದಳು. ಮೇಡಂ ಮತ್ತೆ ಬಾಯಿ ತೆರೆದರು, ಮತ್ತೆ ಹ ಬಂತು. ಮೂವತ್ತು ವರ್ಷ ತಿದ್ದಿದ ನಾಲಿಗೆ, ಅವ್ವನ ಮಾತಿಗೆ ಹೊರಳಲು ಒಲ್ಲೆ ಅನ್ನುತ್ತಿತ್ತು. ಹಣೆಯ ಮೇಲೆ ಬೆವರು ಬಂತು. ಸುತ್ತ ನಿಂತ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೇ ಸಲ ಕಣ್ಣು ಮುಚ್ಚಿ, ತಡವರಿಸಿ ಹೇಳಿದರು.

“ಏ... ಏಳಿ ತಾತ. ಕೇಳ್ತೀನಿ.”

ತಾತ ನಿಧಾನವಾಗಿ ಈ ಕಡೆ ತಿರುಗಿದ. ಆಕೆಯ ಬಾಯನ್ನೇ ನೋಡಿದ, ಬೆವರನ್ನು ನೋಡಿದ. ತಿಂಗಳುಗಟ್ಟಲೆ ಕಟ್ಟಿದ್ದ ಮಾತು ಒಂದೊಂದಾಗಿ ಹೊರಗೆ ಬಂತು.

“ಪಾಪ,” ಅಂದ ತಾತ. “ನಿಂಗೂ... ಈಗ ಬಾಯಿ ಬಂತಾ, ತಾಯಿ?”