ಸವೆಯದ ಹಗ್ಗ

“‘ಫ್ರೇ’ ಎಂದರೆ ಉಜ್ಜಿ ಉಜ್ಜಿ ಸವೆಯುವುದು, ಸ್ವಾಮಿ. ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರಾನ್ಸಿನ ಮೇಲೆ ಹಾದು ಇಂಗ್ಲೆಂಡಿಗೆ ಬಂದ ಮಾತು. ‘ಫ್ರಿಕ್ಷನ್’ ಇದರ ಒಡಹುಟ್ಟು,” ಎನ್ನುತ್ತ ಮುಕುಂದಯ್ಯ ಮೇಷ್ಟ್ರು ಹರಿದ ಹಗ್ಗದ ತುದಿಯನ್ನು ಅಮಲ್ದಾರರ ಮೂಗಿನ ಬಳಿ ಹಿಡಿದರು.

ಮೇಷ್ಟ್ರ ಇಂಗ್ಲಿಷ್ ಸಾಮಾನ್ಯದ್ದಲ್ಲ. ಅವರು ಸಾಗರದಲ್ಲಿ ಕೆಮ್ಮಿದರೆ ಹೊಸನಗರದ ಹುಡುಗರು ಡಿಕ್ಷನರಿ ತೆರೆಯುತ್ತಿದ್ದರು. ಬಿಳಿಯರು ದೇಶ ಬಿಟ್ಟದ್ದು ಇವರೆದುರು ಬಾಯಿ ತೆರೆಯಲು ಹೆದರಿ ಎಂದು ಅರ್ಧ ತೀರ್ಥಹಳ್ಳಿ ನಂಬಿತ್ತು. ಉಳಿದರ್ಧ ಅವರ ಶಿಷ್ಯರೇ ಆದ್ದರಿಂದ ನಂಬುವ ಅಗತ್ಯವಿರಲಿಲ್ಲ, ಕಣ್ಣಾರೆ ಕಂಡಿತ್ತು.

ಅರವತ್ತೊಂದರ ನೆರೆಯಲ್ಲಿ ದೋಣಿ ಹಿಡಿದು ದಾಟಲೆಂದು ತುಂಗೆಗೆ ಅಡ್ಡಲಾಗಿ ಕಟ್ಟಿದ್ದ ಹಗ್ಗ ತುಂಡಾಗಿ, ಸರ್ಕಾರದ ದೋಣಿ ಕೊಚ್ಚಿಹೋಗಿತ್ತು. ಅಂಬಿಗ ಕನ್ನಪ್ಪನೇ ಹಗ್ಗ ಕಡಿದ ಎಂದು ಯಾರೋ ದೂರು ಕೊಟ್ಟಿದ್ದರು. ಅದು ನಿಜವೆಂದಾದರೆ ದೋಣಿಗಂಡಿಯಲ್ಲಿ ಜನರನ್ನು ದಾಟಿಸುವ ಕೆಲಸ ಬೇರೆಯವರ ಪಾಲು. ಸವೆದು ಹೋಯಿತೆಂದು ವರದಿಯಾದರೆ ಕನ್ನಪ್ಪ ಬಚಾವು. ವರದಿ ಇಂಗ್ಲಿಷಿನಲ್ಲಿ, ಅದಕ್ಕೇ ಮೇಷ್ಟ್ರು.

ಕನ್ನಪ್ಪ ಎದ್ದು ನಿಂತ. “ಎಂತ ಅಂದ್ರಿ ಮೇಷ್ಟ್ರೇ? ಸವೀತು ಅಂದ್ರಾ?”

“ಸುಮ್ನಿರು ಮಾರಾಯ. ನಿನ್ನ ಪರವಾಗೇ ಹೇಳ್ತಿದೀನಿ.”

“ಪರ ಎಂತ ಬಂತು? ನಾನೇ ನಾರು ಸುಲ್ದು ನಾನೇ ಹೊಸೆದ ಹಗ್ಗ ಅದು. ಸವೀತು ಅಂತ ಬರದ್ರೆ ನಾಳೆ ನನ್ನ ದೋಣಿ ಯಾರು ಹತ್ತತಾರೆ?”

ಅಮಲ್ದಾರರು ಪೆನ್ನು ಎತ್ತಿದರು. “ಹಾಗಾದ್ರೆ ಕಡಿದೆ ಅನ್ನು.”

“ಕಡೀಲೂ ಇಲ್ಲ, ಸವೀಲೂ ಇಲ್ಲ. ಬೇರು ಸಮೇತ ಮರ ತೇಲಿ ಬಂದು ಸಿಕ್ಕೊಂಡ್ತು. ಅದು ಎಳೆದ ಜೋರಿಗೆ ಹರೀತು. ನನ್ನ ಹಗ್ಗ ಹರೀಬೇಕಾದ್ರೆ ಅಷ್ಟಾದ್ರೂ ಬೇಕು ಸ್ವಾಮಿ.”

ಮೇಷ್ಟ್ರು ಒಮ್ಮೆ ಕಣ್ಣು ಮುಚ್ಚಿದರು. “ಹಾಗಾದ್ರೆ ‘ಟೇರ್’ ಅಂತ ಬರೀರಿ, ಅಂದ್ರೆ ಹರಿಯೋದು. ಇಂಗ್ಲೆಂಡಿನ ಸ್ವಂತ ಮಣ್ಣಿನ ಮಾತು, ಲ್ಯಾಟಿನ್ನಿನ ಹಂಗಿಲ್ಲ.”

“ಈಗ ತಾನೇ ‘ಫ್ರೇ’ ಅಂದ್ರಲ್ಲ?”

“ಅದು ಪೀಠಿಕೆ, ಸ್ವಾಮಿ.”

ಅಮಲ್ದಾರರು ನಗಲಿಲ್ಲ. ಕನ್ನಪ್ಪ ಮಾತು ಸಾಕೆನ್ನುವಂತೆ ಉಳಿದಿದ್ದ ಹಗ್ಗವನ್ನು ಎಳೆದು ತಂದ. ಒಂದು ತುದಿಯನ್ನು ದಡದ ಹಲಸಿನ ಮರಕ್ಕೆ, ಇನ್ನೊಂದನ್ನು ಅಮಲ್ದಾರರ ಜೀಪಿಗೆ ಬಿಗಿದ. “ಎಳೀಲಿ. ಹರಿದ್ರೆ ನಾನೇ ಊರು ಬಿಡ್ತೀನಿ.”

ಜೀಪು ಅಬ್ಬರಿಸಿತು. ಆ ಸದ್ದಿಗೆ ಆಗುಂಬೆಯವರು ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಒಳಗೆ ತಂದರಂತೆ. ಹಗ್ಗ ನೆಲ ಬಿಟ್ಟು ಮೇಲೆದ್ದಿತು, ಹಿಂಡಿದಂತೆ ನೀರು ಕಾರಿತು, ವೀಣೆಯ ತಂತಿಯಾಯಿತು. ಚಕ್ರಗಳು ತಿರುಗಿದಲ್ಲೇ ತಿರುಗಿ, ಪಾತಾಳ ಇನ್ನೇನು ಒಂದು ಮೊಳ ಎನ್ನುವಷ್ಟು ಕೆಸರು ತೋಡಿದವು. ಹಲಸಿನ ಮರ ಎಲೆ ಉದುರಿಸಿತು. ಹಗ್ಗ ಒಂದೇ ಒಂದು ಎಳೆ ಬಿಡಲಿಲ್ಲ.

ಅಮಲ್ದಾರರು ಕೈಯೆತ್ತಿ ಜೀಪು ನಿಲ್ಲಿಸಿದರು. ಹತ್ತಿರ ಬಂದು ಹಗ್ಗದ ಮೇಲೆ ಅಂಗೈ ಆಡಿಸಿದರು.

“ಆಚೆ ದಡಕ್ಕೆ ಯಾವಾಗ ಕಟ್ತೀಯ?”

“ಇದನ್ನ ಬಿಚ್ಚಿದ ಕೂಡ್ಲೆ.”

ಆದರೆ ಎಳೆದ ಎಳೆತಕ್ಕೆ ಗಂಟು ಕಲ್ಲಾಗಿತ್ತು. ಊರಿನ ಗಂಡಸರೆಲ್ಲ ಕೈ ಹಚ್ಚಿ ಸೋತರು. ಕತ್ತಿ ತಂದ ಡ್ರೈವರನ್ನು ಕನ್ನಪ್ಪ ಹತ್ತಿರ ಬಿಡಲಿಲ್ಲ. ಜೀಪಿನ ಹಿಂದೆ ಮಂಡಿಯೂರಿ ಕೂತು, ಹಲ್ಲಿನಲ್ಲಿ ಗಂಟನ್ನು ಕಚ್ಚಿ ಎಳೆಯತೊಡಗಿದ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಅವನ ಪಕ್ಕ ಬಗ್ಗಿದರು. ಅಮಲ್ದಾರರು ಬೂಟು ಕಳಚಿಟ್ಟು, ಹೊಳೆಯ ಬಂಡೆಯ ಮೇಲೆ ಕೂತು, ಕಾಲುಗಳನ್ನು ನೀರಿಗೆ ಇಳಿಬಿಟ್ಟರು.